ಮಂಚದ ಮರ, ಗಿಟಾರಿನ ದನಿ

ಈ ಶೀರ್ಷಿಕೆಯ ಕೆಳಗೆ ನಾವು ಇದುವರೆಗೆ ಮಣೆ, ಕಪಾಟು, ಮಗುವಿನ ತೊಟ್ಟಿಲು ಮೊದಲಾದ ಗೃಹೋಪಯೋಗದ ವಸ್ತುಗಳನ್ನು ಕುರಿತು ಬರೆದುದುಂಟು. ಅವೆಲ್ಲವೂ ಭಾರವನ್ನು ಹೊರತಕ್ಕ ವಸ್ತುಗಳು. ಮಣೆಯ ಹಲಗೆ ಸ್ವಲ್ಪ ದಪ್ಪವಾದರೆ ಯಾರಿಗೂ ನಷ್ಟವಿಲ್ಲ. ತೊಟ್ಟಿಲಂತೂ ದಪ್ಪವಾದಷ್ಟೂ ಭದ್ರ. ಈ ತಿಂಗಳು ನಾವು ಹೇಳಹೊರಟಿರುವ ವಸ್ತುವಿಗೆ ಈ ನ್ಯಾಯವು ಹೊಂದುವುದಿಲ್ಲ. ಗಿಟಾರಿನ ಮೇಲುಹಲಗೆ ದಪ್ಪವಾದರೆ ವಾದ್ಯವು ಮೂಕವಾಗುವುದು. ಬಹಳ ತೆಳುವಾದರೆ ತಂತಿಗಳ ಎಳೆತವನ್ನು ತಾಳಲಾರದೆ ಕುಸಿಯುವುದು. ಈ ಎರಡು ಕೇಡುಗಳ ನಡುವೆ ಕೆಲಸಗಾರನಿಗಿರುವ ಎಡೆಯು ಒಂದು ಮಿಲಿಮೀಟರಿನಷ್ಟೂ ಇಲ್ಲ. ಮರಗೆಲಸದಲ್ಲಿ ಸ್ವಲ್ಪಮಟ್ಟಿಗೆ ಕೈ ಪಳಗಿದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಗಿಟಾರು ಪರದೇಶದ ವಾದ್ಯವಲ್ಲವೆ, ನಮ್ಮ ಮನೆಗಳಿಗೆ ಅದರ ಗೊಡವೆ ಏಕೆಂದು ಹಿರಿಯರಾದ ಕೆಲವು ವಾಚಕರು ಕೇಳಬಹುದು. ಪಿಟೀಲೂ ಪರದೇಶದಿಂದಲೇ ಬಂದುದಷ್ಟೆ. ಸಭೆಯ ಕೊನೆಯ ಸಾಲಿನವರಿಗೂ ನಾದವು ಮುಟ್ಟಲೆಂದು ಅದಕ್ಕೆ ಏಳು ತಂತಿಗಳನ್ನು ಕಟ್ಟಿ ನುಡಿಸಿದ ತಿರುಮಕೂಡಲು ಚೌಡಯ್ಯನವರು (೧೮೯೫–೧೯೬೭) ನಮ್ಮ ಮೈಸೂರು ಸೀಮೆಯವರು. ಅವರ ಸ್ಮರಣಾರ್ಥವಾಗಿ ೧೯೮೦ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಭಾಭವನವು ಪಿಟೀಲಿನ ಆಕಾರದಲ್ಲಿಯೇ ನಿಂತಿರುವುದು. ಗಿಟಾರಿನ ವಿಷಯದಲ್ಲಾದರೋ ಇನ್ನೊಂದು ಮಾತುಂಟು. ಅಮೆರಿಕೆಯಲ್ಲಿಯೂ ಯೂರೋಪಿನಲ್ಲಿಯೂ ಬೆಲೆಬಾಳುವ ಗಿಟಾರುಗಳೆಂದು ಹೆಸರಾದವುಗಳಲ್ಲಿ ಎಷ್ಟೋ ವಾದ್ಯಗಳ ಬೆನ್ನೂ ಪಕ್ಕೆಯೂ ನಮ್ಮ ದೇಶದ ಬೀಟೆಯ ಮರದವು. ವಾದ್ಯವು ಹೊರಗಿನದಾದರೂ ಅದರ ಮೈ ನಮ್ಮದೆಂದು ಹೇಳಿದರೆ ತಪ್ಪಾಗದು.

ಬೀಟೆಯ ವಿಚಾರ

ಅಮೆರಿಕೆಯ ಪೆನ್ಸಿಲ್ವೇನಿಯ ಪ್ರಾಂತದ ನಜರೆತ್ ಎಂಬ ಊರಿನಲ್ಲಿ ಮಾರ್ಟಿನ್ ಎಂಬವರ ಮನೆತನದ ಗಿಟಾರು ಕಾರ್ಖಾನೆಯೊಂದುಂಟು. ಅದರ ಹುಟ್ಟು ೧೮೩೩ರಷ್ಟು ಹಳೆಯದು. ಬಹುಕಾಲ ಅವರು ಒಳ್ಳೆಯ ಗಿಟಾರುಗಳಿಗೆ ಬ್ರೆಜಿಲ್ ದೇಶದ ಬೀಟೆಯನ್ನೇ ಬಳಸುತ್ತಿದ್ದರು. ಕಾಡು ಕಡಿದಂತೆಲ್ಲ ಅಗಲವಾದ ಹಲಗೆ ಸಿಕ್ಕುವುದು ಕಷ್ಟವಾಯಿತು. ೧೯೬೫ರಲ್ಲಿ ಅವರು ಬೆನ್ನುಹಲಗೆಯನ್ನು ಎರಡರ ಬದಲು ಮೂರು ಕಿರಿದಾದ ತುಂಡುಗಳಿಂದ ಜೋಡಿಸಿ ಹೊಸ ಮಾದರಿಯೊಂದನ್ನು ಹೊರತಂದರು. ಜನರು ಅದನ್ನು ಅಂದವೆಂದು ಮೆಚ್ಚಿದರು. ಅದರ ಮೂಲಕಾರಣ ಮರದ ಬಡತನ. ೧೯೬೯ರ ಹೊತ್ತಿಗೆ ಅವರು ಭಾರತದ ಬೀಟೆಗೆ ತಿರುಗಿದರು. ಉಳಿದ ಕಾರ್ಖಾನೆಗಳೂ ಅದೇ ಹಾದಿಯನ್ನು ಹಿಡಿದುವು.

ವಿನಾಶದ ಅಂಚಿನಲ್ಲಿರುವ ಜೀವಜಾತಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವುದಕ್ಕಾಗಿ ರಾಷ್ಟ್ರಗಳು ಮಾಡಿಕೊಂಡಿರುವ ಒಡಂಬಡಿಕೆಯ ಮೇರೆಗೆ ಬ್ರೆಜಿಲಿನ ಬೀಟೆಯ ವ್ಯಾಪಾರವು ೧೯೯೨ರಲ್ಲಿ ನಿಷಿದ್ಧವಾಯಿತು. ೨೦೧೭ರ ಜನವರಿ ೨ರಿಂದ ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳಿಗೂ, ನಮ್ಮ ಬೀಟೆಯನ್ನೂ ಒಳಗೊಂಡು, ಅಪ್ಪಣೆಪತ್ರವಿಲ್ಲದೆ ಗಡಿಯನ್ನು ದಾಟುವ ಹಾಗಿಲ್ಲವೆಂಬ ಕಟ್ಟು ಬಿದ್ದಿತು. ಗಾಯಕರೂ ವಾದಕರೂ ತಮ್ಮ ಹಳೆಯ ವಾದ್ಯಗಳೊಂದಿಗೆ ವಿಮಾನ ನಿಲ್ದಾಣಗಳಲ್ಲಿ ಪೇಚಾಡುವಂತಾದುದರಿಂದ ೨೦೧೯ರಲ್ಲಿ ಪೂರ್ತಿಯಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ನಮ್ಮ ಕಾಡಿನಲ್ಲಿಯೂ ಬೀಟೆಯು ಹಿಂದಿನಂತಿಲ್ಲ. ಕರ್ನಾಟಕದಲ್ಲಿ ಬೀಟೆಯನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಸ ಬೀಟೆಯನ್ನು ಕೊಳ್ಳುವವರು ರಸೀತಿಯಿಲ್ಲದ ಮರವನ್ನು, ಅದೆಷ್ಟೇ ಸೋವಿಯಾಗಿರಲಿ, ಮುಟ್ಟತಕ್ಕುದಲ್ಲ. ಇಂತಹ ಮರದಲ್ಲಿ ಮೊದಲ ಕೆಲಸವನ್ನು ಕಲಿಯಬಹುದೆ ಎಂಬ ಪ್ರಶ್ನೆಯು ಇಲ್ಲಿಂದಲೇ ಹುಟ್ಟುವುದು. ಅದಕ್ಕೆ ಒಂದು ಮನೆಯವರು ಕಂಡುಕೊಂಡ ಉತ್ತರವನ್ನು ಈಗ ಹೇಳುವೆವು.

ಬಾಗಲಗುಂಟೆಯ ಮನೆ

ಬೆಂಗಳೂರಿನ ವಾಯವ್ಯದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿಗೆ, ಹೆಸರಘಟ್ಟ ರಸ್ತೆಯ ಎಂಟನೆಯ ಮೈಲಿಯ ಸಮೀಪದಲ್ಲಿ ಬಾಗಲಗುಂಟೆ ಇರುವುದು. ಹಿಂದೆ ಹಳ್ಳಿಯಾಗಿದ್ದ ಈ ಸ್ಥಳದಲ್ಲಿ ಈಗ ಮನೆಯ ಗೋಡೆಗೆ ಗೋಡೆ ಒತ್ತಿಕೊಂಡಿರುವುದು. ಇಲ್ಲಿಯ ಒಂದು ಮನೆಯ ತರುಣನು ಪೀಣ್ಯದಲ್ಲಿ ಅಚ್ಚುಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಕೆಲಸಗಾರ. ಉಕ್ಕನ್ನು ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಲೆಕ್ಕದಲ್ಲಿ ಕೊರೆಯುವುದು ಅವನ ದಿನನಿತ್ಯದ ಕಸುಬು. ಅವನ ತಂಗಿಯು ಕಾಲೇಜಿನಲ್ಲಿ ಓದುತ್ತ, ಗೆಳತಿಯ ಗಿಟಾರನ್ನು ಎರವಲು ತಂದು ಅಭ್ಯಾಸ ಮಾಡುತ್ತಿದ್ದಳು. ಅವಳಿಗೆ ತನ್ನ ಕೈಯಾರೆ ಒಂದು ವಾದ್ಯವನ್ನು ಮಾಡಿಕೊಡಬೇಕೆಂದು ಅಣ್ಣನ ಮನಸ್ಸಿಗೆ ಬಂದಿತು. ಹೋದ ವರ್ಷದ ಸಂಕ್ರಾಂತಿಯಿಂದ ಈ ವರ್ಷದ ಶಿವರಾತ್ರಿ ಕಳೆಯುವವರೆಗೆ ಆ ಕೆಲಸವನ್ನು ನಾವು ನೆರೆಯವರಾಗಿ ನೋಡುತ್ತ ಬಂದೆವು.

ಆ ಮನೆಯಲ್ಲಿ ಬೀಟೆಯ ಮಂಚವೊಂದಿತ್ತು. ಅದು ಅಜ್ಜಿಗೆ ಮಲೆನಾಡಿನ ತವರಿನಿಂದ ಮದುವೆಯ ಬಳುವಳಿಯಾಗಿ ಬಂದುದು. ಒಂದು ಕಾಲು ಸಡಲಿ, ಅದನ್ನು ಬಿಚ್ಚಿ, ಪಟ್ಟಿಗಳನ್ನು ಅಟ್ಟಕ್ಕೆ ಏರಿಸಿ ಎಷ್ಟೋ ವರ್ಷಗಳಾಗಿದ್ದುವು. ಎರಡು ಕೋಣೆಗಳ ಮನೆಯಲ್ಲಿ ಅದನ್ನು ಮತ್ತೆ ಹೂಡುವುದಕ್ಕೆ ಸ್ಥಳವಿರಲಿಲ್ಲ. ತರುಣನು ಆ ಮರವನ್ನು ಬೇಡಿದಾಗ ಮನೆಯಲ್ಲಿ ಒಂದು ಸಣ್ಣ ಪಂಚಾಯಿತಿಯೇ ನಡೆಯಿತು. ಹಳೆಯ ಸಾಮಾನಿನ ವ್ಯಾಪಾರಿಗಳು ಇಂಥ ಮಂಚಕ್ಕೆ ಒಳ್ಳೆಯ ಹಣ ಕೊಡುವರೆಂದೂ, ಮರಗೆಲಸವನ್ನು ಕಲಿಯದವನ ಕೈಗೆ ಕೊಟ್ಟು ಕೆಡಿಸುವುದು ಬುದ್ಧಿವಂತರ ಲಕ್ಷಣವಲ್ಲವೆಂದೂ ದೊಡ್ಡಪ್ಪನವರು ಹೇಳಿದರು. ಅವರ ಮಾತಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಹೆಚ್ಚುಕಡಿಮೆಯಾದರೆ ಅಂಥ ಮರವನ್ನು ಮತ್ತೆ ತರುವುದು ಯಾರಿಗೂ ಸಾಧ್ಯವಿರಲಿಲ್ಲ. ಕೊನೆಗೆ ಅಜ್ಜಿಯೇ, "ನಾನು ಹೋದ ಮೇಲೆ ಇದು ಯಾರಿಗೂ ಬೇಡದ ಸಾಮಾನು ಕಣಪ್ಪ. ಈಗಲೇ ತಗೋ. ಕೆಡಿಸಿ ಒಲೆಗೆ ಮಾತ್ರ ಹಾಕಬೇಡ" ಎಂದರು. ಆ ಮಾತು ಅಪ್ಪಣೆಯೂ ಆಯಿತು, ಎಚ್ಚರಿಕೆಯೂ ಆಯಿತು.

ಸೀಳುವುದು, ಬಾಗಿಸುವುದು

ವಾದ್ಯಕ್ಕೆ ಹಳೆಯ ಮರವೇ ಮೇಲು. ಹತ್ತಾರು ವರ್ಷಗಳ ಬಿಸಿಲು ಮಳೆಗಳಲ್ಲಿ ಹಿಗ್ಗಿ ಕುಗ್ಗಿ ಅದರ ಚಾಂಚಲ್ಯವು ತಗ್ಗಿರುವುದು. ಆದರೆ ಹಳೆಯ ಮರದಲ್ಲಿ ಮೊಳೆಗಳು ಅಡಗಿರುವುವು. ಅವು ಗರಗಸದ ಹಲ್ಲನ್ನು ಮುರಿಯುವುದರಿಂದ ಮರ ಸೀಳುವ ಕಾರ್ಖಾನೆಯವರು ಹಳೆಯ ಸಾಮಾನನ್ನು ಸುಲಭವಾಗಿ ಒಪ್ಪುವುದಿಲ್ಲ. ತರುಣನು ಅಯಸ್ಕಾಂತವನ್ನು ಪಟ್ಟಿಗಳ ಮೇಲೆಲ್ಲ ಆಡಿಸಿ ಮೊಳೆಗಳನ್ನು ಹುಡುಕಿ ಕಿತ್ತು, ಬಳಿಕ ಒಯ್ದನು. ಮಂಚದ ಪಕ್ಕದ ಪಟ್ಟಿಯು ಆರಡಿ ಉದ್ದ, ಐದಂಗುಲ ಅಗಲ, ಒಂದೂವರೆ ಅಂಗುಲ ದಪ್ಪ. ಅದನ್ನು ನಡುವೆ ಕತ್ತರಿಸಿ ತೆಳುವಾಗಿ ಸೀಳಿದರೆ ಗಿಟಾರಿನ ಎರಡು ಪಕ್ಕೆಗಳೂ ಹೊರಟು, ಮೇಲೆ ಮಿಗುವುದು. ಬೆನ್ನಿಗೆ ಬೇಕಾದಷ್ಟು ಅಗಲದ ಹಲಗೆಯು ತಲೆಯ ಕಡೆಯ ಪಟ್ಟಿಯಲ್ಲಿಯೂ ಇರಲಿಲ್ಲ. ಮೇಲೆ ಹೇಳಿದ ಅಮೆರಿಕೆಯವರಂತೆ ಇವನೂ ಮೂರು ತುಂಡುಗಳನ್ನು ಜೋಡಿಸಿದನು. ಹಳೆಯ ಮೊಳೆಯ ಕಬ್ಬಿಣವು ಮರದ ಒಗರಿನೊಡನೆ ಬೆರೆತು ಎರಡು ಕಪ್ಪು ಚುಕ್ಕೆಗಳಾಗಿ ಆ ಬೆನ್ನಿನ ಮೇಲೆ ಉಳಿದುವು. ಅವುಗಳನ್ನು ಮರೆಸುವ ಉಪಾಯವಿದ್ದರೂ ಅವನು ಮರೆಸಲಿಲ್ಲ.

ಸೀಳಿದ ಹಲಗೆಗಳ ನಡುವೆ ಸಣ್ಣ ಕಡ್ಡಿಗಳನ್ನಿಟ್ಟು, ಗಾಳಿಯಾಡುವಂತೆ ಮೂರು ತಿಂಗಳು ಅಡಕಿ ಇಟ್ಟಿದ್ದಾಯಿತು. ಬೀಟೆಯನ್ನು ಉಜ್ಜುವಾಗ ಏಳುವ ಹುಡಿಯು ಕೆಲವರ ಚರ್ಮಕ್ಕೂ ಶ್ವಾಸಕ್ಕೂ ಆಗದು. ಮೂಗು ಬಾಯಿಗಳನ್ನು ಮುಚ್ಚಿಕೊಂಡು, ಮಕ್ಕಳನ್ನು ದೂರವಿಟ್ಟು ಈ ಕೆಲಸವನ್ನು ಮಾಡತಕ್ಕದ್ದು.

ಪಕ್ಕೆಗಳನ್ನು ಬಾಗಿಸುವುದೇ ಹೊಸಬರನ್ನು ಅಂಜಿಸುವ ಘಟ್ಟ. ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪವಿರುವ ಪಟ್ಟಿಯನ್ನು ಒದ್ದೆಮಾಡಿ, ಒಳಗಿನಿಂದ ಕಾಯಿಸಿದ ಕಬ್ಬಿಣದ ಕೊಳವೆಗೆ ಒತ್ತಬೇಕು. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿರುವ ಅಂಟಿನಂತಹ ಪದಾರ್ಥವೊಂದುಂಟು. ಅದು ಕಾವಿನಲ್ಲಿ ಮೆದುವಾಗುವುದು, ಆರಿದ ಮೇಲೆ ಮತ್ತೆ ಬಿಗಿಯುವುದು. ಕಾವು ಸಾಲದೆ ಹೋದರೆ ಪಟ್ಟಿ ಮುರಿಯುವುದು, ಹೆಚ್ಚಾದರೆ ಕರಿಕಾಗುವುದು. ಕೊಳವೆಯನ್ನು ಪೀಣ್ಯದ ಗುಜರಿಯಿಂದ ತಂದು, ಬುಡಕ್ಕೆ ಒಂದು ಆಧಾರವನ್ನು ಬೆಸೆಸಿ ಹಿತ್ತಿಲಿನಲ್ಲಿ ನಿಲ್ಲಿಸಿದನು. ಕಾವನ್ನು ಅಳೆಯುವುದಕ್ಕೆ ಅವನು ಕಾರ್ಖಾನೆಯ ಯಂತ್ರವೊಂದನ್ನು ತರುವ ಯೋಚನೆಯಲ್ಲಿದ್ದನು. ಅವನ ತಾಯಿಯು ಬಂದು ಕೊಳವೆಗೆ ನೀರನ್ನು ಚಿಮುಕಿಸಿದರು. ಹನಿಗಳು ಚುಯ್ಯೆಂದು ಅಲ್ಲಿಯೇ ಇಂಗಿದುವು. "ಇನ್ನೂ ಸಾಲದು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಚಿಮುಕಿಸಿದಾಗ ಹನಿಗಳು ಗುಂಡಾಗಿ ಪುಟಿದು ಉರುಳಿದುವು. "ಈಗ ಹುಯ್ಯಿ" ಎಂದರು. ದೋಸೆಯ ಕಾವಲಿಯ ಮೇಲೆ ದಿನವೂ ನಡೆಯುವ ಪರೀಕ್ಷೆಯೇ ಇದು. ಪುಸ್ತಕಗಳಲ್ಲಿಯೂ ಇದಕ್ಕಿಂತ ಹೆಚ್ಚಿನದನ್ನು ನಾವು ಕಂಡಿಲ್ಲ.

ಮೊದಲು ಸಿಲ್ವರ್ ಓಕಿನ ಚೂರುಗಳ ಮೇಲೆ ಕೈ ಆಡಿಸಿದನು. ಮೂರು ಮುರಿದುವು, ನಾಲ್ಕನೆಯದು ಬಾಗಿತು, ಐದನೆಯದೂ ಆರನೆಯದೂ ಬಾಗಿದುವು. ಅನಂತರವೇ ಮಂಚದ ಮರವನ್ನು ಕೈಗೆ ತೆಗೆದುಕೊಂಡುದು. ಬೀಟೆಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಕಾವಿಗೆ ಚೆನ್ನಾಗಿ ಒಲಿಯುವುದು. ಕೊಳವೆಗೆ ತಾಕಿದಾಗ ಹಿತ್ತಿಲೆಲ್ಲ ಸಿಹಿಯಾದ ಕಂಪು ಹರಡಿತು. ಸೊಂಟದ ಬಾಗು ಎಲ್ಲಕ್ಕಿಂತ ಇಕ್ಕಟ್ಟಾದುದು. ಅಲ್ಲಿ ಪಟ್ಟಿಯನ್ನು ಬಲದಿಂದ ಎಳೆಯದೆ, ಅದು ತಾನಾಗಿ ಸಡಿಲುವವರೆಗೆ ಕಾದು ಒತ್ತಬೇಕು. ಎರಡು ಪಟ್ಟಿಗಳಿಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಅಜ್ಜಿಯು ಬಾಗಿಲಿನಲ್ಲಿ ಕುಳಿತು ಕೊನೆಯವರೆಗೂ ನೋಡಿದರು. ನಡುವೆ ಒಂದು ಮಾತನ್ನೂ ಆಡಲಿಲ್ಲ.

ಮೇಲುಹಲಗೆಯ ಮಹಿಮೆ

ಗಿಟಾರಿನಲ್ಲಿ ನಾದವು ಎಲ್ಲಿ ಹುಟ್ಟುವುದು? ಸ್ಪೇನ್ ದೇಶದ ಅಂತೋನಿಯೋ ದೆ ತೋರೆಸ್ (೧೮೧೭–೧೮೯೨) ಎಂಬ ಶಿಲ್ಪಿಯು ಈ ಪ್ರಶ್ನೆಗೆ ವಿಚಿತ್ರವಾದ ಉತ್ತರವನ್ನು ಕೊಟ್ಟನು. ಇಂದಿನ ಸ್ಪೇನಿನ ಗಿಟಾರಿಗೆ ಆಕಾರವನ್ನು ಗೊತ್ತುಪಡಿಸಿದವನು ಅವನೇ. ೧೮೬೨ರಲ್ಲಿ ಅವನು ಒಂದು ಗಿಟಾರಿನ ಬೆನ್ನನ್ನೂ ಪಕ್ಕೆಗಳನ್ನೂ ಕಾಗದದ ಗಟ್ಟಿಯಿಂದ ಮಾಡಿ, ಮೇಲುಹಲಗೆಯನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿ ತೋರಿಸಿದನು. ನಾದದ ಬಹುಭಾಗವು ಮೇಲುಹಲಗೆಯದೇ ಎಂದು ಸ್ಥಾಪಿಸುವುದು ಅವನ ಉದ್ದೇಶ. ಆ ವಾದ್ಯವು ಬಾರ್ಸಿಲೋನ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇರುವುದು. ಬೀಟೆಯು ಇಲ್ಲದವರು ಧೈರ್ಯಗೆಡಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಮೇಲುಹಲಗೆಗೆ ಬೇಕಾದುದು ಹಗುರವೂ ಬಿರುಸೂ ಆದ ಮರ. ಚಳಿಯ ಸೀಮೆಗಳಲ್ಲಿ ನಿಧಾನವಾಗಿ ಬೆಳೆಯುವ ಸ್ಪ್ರೂಸ್ ಎಂಬ ಸೂಚಿಪರ್ಣದ ಮರವು ಇದಕ್ಕೆ ಪ್ರಸಿದ್ಧವಾದುದು. ಅದರ ವರ್ಷದ ಗೆರೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಸೀಳಿರಬೇಕು. ಇದನ್ನು ಮಾತ್ರ ನಮ್ಮ ತರುಣನು ಹೊರದೇಶದಿಂದ ತರಿಸಿದನು. ಪುಸ್ತಕದ ಹಾಳೆಗಳಂತೆ ಎರಡಾಗಿ ತೆರೆದ ಹಲಗೆಗಳನ್ನು ನಡುವೆ ಕೂಡಿಸಿ, ಹತ್ತರಿಯಿಂದಲೂ ಮರಳುಕಾಗದದಿಂದಲೂ ೨.೮ ಮಿಲಿಮೀಟರಿಗೆ ಇಳಿಸಿದನು.

ಇಷ್ಟು ತೆಳುವಾದ ಹಲಗೆಯ ಮೇಲೆ ಆರು ಉಕ್ಕಿನ ತಂತಿಗಳು ಒಟ್ಟು ಸುಮಾರು ೭೦ ಕಿಲೋಗ್ರಾಂ ಭಾರದಿಂದ ಎಳೆಯುವುವು. ಇಪ್ಪತ್ತೈದು ಕಿಲೋದ ಮೂರು ಅಕ್ಕಿಯ ಮೂಟೆಗಳಿಗೆ ಇದು ಸ್ವಲ್ಪವೇ ಕಡಮೆ. ಹಲಗೆಯ ಒಳಮೈಗೆ ಆಸರೆಪಟ್ಟಿಗಳನ್ನು ಅಂಟಿಸುವುದು ಇದಕ್ಕಾಗಿ. ತೋರೆಸನು ಅವನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಿದನು. ಅವನದು ಕರುಳಿನ ತಂತಿಯ ವಾದ್ಯ. ಮಾರ್ಟಿನ್ ಮನೆತನದವರು ೧೮೪೦ರ ದಶಕದಲ್ಲಿ ಕತ್ತರಿಯ ಆಕಾರವಾಗಿ ಎರಡು ಪಟ್ಟಿಗಳನ್ನು ಅಡ್ಡಹಾಯಿಸುವ ಕ್ರಮವನ್ನು ಹಿಡಿದರು. ಮುಂದೆ ಉಕ್ಕಿನ ತಂತಿಗಳು ಬಂದಾಗ ಆ ಕ್ರಮವೇ ತಾಳಿತು. ಪಟ್ಟಿಗಳನ್ನು ಅಂಟಿಸಿದ ಮೇಲೆ ಉಳಿಯಿಂದ ಸ್ವಲ್ಪ ಸ್ವಲ್ಪವಾಗಿ ಅವುಗಳನ್ನು ಕೆತ್ತುತ್ತ, ಹಲಗೆಯನ್ನು ಬೆರಳಿನಿಂದ ತಟ್ಟಿ ಕೇಳುತ್ತ ಹೋಗಬೇಕು. ಸಂತೆಯಲ್ಲಿ ಗಡಿಗೆಯನ್ನು ತಟ್ಟಿ ಕೊಳ್ಳುವ ಗೃಹಿಣಿಯರಿಗೆ ಈ ವಿದ್ಯೆಯ ಮೊದಲ ಪಾಠವು ತಿಳಿದೇ ಇರುವುದು. ಮೊದಲು ಮರವು ಟಕ್ಕೆನ್ನುವುದು. ಕೆತ್ತಿದಂತೆಲ್ಲ ಆ ಸದ್ದು ತೆರೆದುಕೊಂಡು ಗುಂಯ್ಯೆನ್ನುವುದು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅಳತೆಗೋಲು ಹೇಳಲಾರದು. ನೂರರಲ್ಲೊಂದು ಪಾಲನ್ನು ಅಳೆಯಬಲ್ಲ ಆ ತರುಣನು ಇಲ್ಲಿ ಕಣ್ಣುಮುಚ್ಚಿ ಕಿವಿಗೊಟ್ಟು ಕುಳಿತುದನ್ನು ನಾವು ಕಂಡೆವು.

ಅಂಟಿನ ಮಾತನ್ನೂ ಇಲ್ಲಿಯೇ ಹೇಳುವುದು ಯುಕ್ತ. ಅಂಗಡಿಯಲ್ಲಿ ಸಿಕ್ಕುವ ಬಿಳಿಯ ಅಂಟು ಕುರ್ಚಿ ಮೇಜುಗಳಿಗೆ ಸಾಕು. ಹಗಲಿರುಳೂ ಬಿಡದ ಎಳೆತದಲ್ಲಿ ಅದು ಮೆಲ್ಲಗೆ ಜಾರುವುದು. ಚರ್ಮವನ್ನು ಕುದಿಸಿ ತೆಗೆದ ಹಳೆಯ ಸರೇಸು ಹಾಗೆ ಜಾರದು. ಅದನ್ನು ನೀರಿನಲ್ಲಿ ನೆನಸಿ, ಬಿಸಿನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆಯನ್ನಿಟ್ಟು ಸುಮಾರು ೬೦ ಡಿಗ್ರಿ ಕಾವಿನಲ್ಲಿ ಕರಗಿಸಬೇಕು. ಅದರ ವಾಸನೆಯ ದೆಸೆಯಿಂದ ಆ ಒಲೆಯು ಅಡಿಗೆಮನೆಯನ್ನು ಬಿಟ್ಟು ಹಿತ್ತಿಲಿಗೆ ಹೋಗಬೇಕಾಯಿತು. ಸರೇಸಿನ ಇನ್ನೊಂದು ಗುಣವೆಂದರೆ, ಕಾವೂ ತೇವವೂ ಒಟ್ಟಿಗೆ ತಾಕಿದರೆ ಅದು ಬಿಟ್ಟುಕೊಡುವುದು. ಐವತ್ತು ವರ್ಷಗಳ ಮೇಲೆ ವಾದ್ಯವನ್ನು ರಿಪೇರಿ ಮಾಡುವವನು ಹಲಗೆಯನ್ನು ಒಡೆಯದೆ ಬಿಡಿಸಬಹುದು. ಬೀಟೆಯು ಎಣ್ಣೆಯ ಮರವಾದುದರಿಂದ ಅಂಟು ಹಚ್ಚುವ ಮೊದಲು ಸ್ಪಿರಿಟ್ಟಿನಿಂದ ಒರಸತಕ್ಕದ್ದು.

ಮೂರು ಚಮಚ ನೀರು

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬಂದೆವು. ಬೆಂಗಳೂರಿನ ಹವೆಯು ಹಿತವಾದುದೆಂದು ಎಲ್ಲರೂ ಹೊಗಳುವರು. ಮನುಷ್ಯರಿಗೆ ಅದು ನಿಜ. ಮರಕ್ಕೆ ಅಷ್ಟು ನಿಜವಲ್ಲ. ಮಳೆಗಾಲದಲ್ಲಿ ಇಲ್ಲಿಯ ಗಾಳಿಯ ಆರ್ದ್ರತೆಯು ನೂರಕ್ಕೆ ೮೦ನ್ನು ಮೀರುವುದುಂಟು. ಮಾರ್ಚಿ ತಿಂಗಳ ಮಧ್ಯಾಹ್ನಗಳಲ್ಲಿ ೩೦ರ ಆಸುಪಾಸಿಗೆ ಇಳಿಯುವುದು. ಮರವು ತೇವವನ್ನು ಹೀರಿ ಅಡ್ಡಕ್ಕೆ ಹಿಗ್ಗುವುದು, ತೇವವನ್ನು ಬಿಟ್ಟು ಅಡ್ಡಕ್ಕೆ ಕುಗ್ಗುವುದು. ಉದ್ದಕ್ಕೆ ಅದು ಹೆಚ್ಚುಕಡಮೆ ಅಲುಗುವುದಿಲ್ಲ. ೪೦೦ ಮಿಲಿಮೀಟರು ಅಗಲದ ಮೇಲುಹಲಗೆಯು ಮಳೆಗಾಲದಿಂದ ಬೇಸಗೆಗೆ ಮೂರು ನಾಲ್ಕು ಮಿಲಿಮೀಟರು ಕುಗ್ಗಬಲ್ಲುದು. ಆದರೆ ಅದರ ಒಳಮೈಗೆ ಅಡ್ಡಲಾಗಿ ಅಂಟಿಸಿದ ಪಟ್ಟಿಗಳು ಕುಗ್ಗಲೊಲ್ಲವು. ತೇವದ ದಿನದಲ್ಲಿ ಅಂಟಿಸಿದ ಹಲಗೆಯು ಒಣಗುವ ದಿನ ಬಂದಾಗ ದಾರಿಗಾಣದೆ ಬಿರಿಯುವುದು. ಬಹುಮಟ್ಟಿಗೆ ಒಣಗಿದ ಸ್ಥಿತಿಯಲ್ಲಿ, ಅಂದರೆ ಆರ್ದ್ರತೆಯು ೪೫ರ ಸುಮಾರಿನಲ್ಲಿರುವಾಗ, ಅಂಟಿಸಿದರೆ ಮಳೆಗಾಲದಲ್ಲಿ ಸ್ವಲ್ಪ ಉಬ್ಬೀತೇ ಹೊರತು ಒಡೆಯದು.

ಮೇಲುಹಲಗೆಯ ಮರವು ಬಾಗಲಗುಂಟೆಗೆ ಬಂದು 
ಮುಟ್ಟಿದುದು ಜೂನ್ ತಿಂಗಳ ಕೊನೆಗೆ. ಜುಲೈ ತಿಂಗಳಲ್ಲಿ ಅಂಟಿಸುವುದಕ್ಕೆ ಎಲ್ಲವೂ ಸಿದ್ಧವಾಗಿತ್ತು. ನವರಾತ್ರಿಯಲ್ಲಿ ಬೊಂಬೆಗಳ ಮುಂದೆ ಹೊಸ ಗಿಟಾರನ್ನು ನುಡಿಸುವೆನೆಂದು ತಂಗಿಯು ಗೆಳತಿಯರಿಗೆಲ್ಲ ಹೇಳಿಟ್ಟಿದ್ದಳು. ಗೋಡೆಯ ಮೇಲಿನ ತೇವಮಾಪಕವು ೭೮ ಎಂದು ತೋರಿಸುತ್ತಿತ್ತು. ಆ ಭಾನುವಾರ ಅಂಟಿಸಿದ್ದರೆ ಗಿಟಾರು ನವರಾತ್ರಿಗೆ ಸಿದ್ಧವಾಗುತ್ತಿತ್ತು, ಬೇಸಗೆಗೆ ಬಿರಿಯುತ್ತಿತ್ತು. ತರುಣನು ಉಪಕರಣಗಳನ್ನು ತೊಳೆದು ಒಳಗಿಟ್ಟನು. ತಂಗಿಯು ಎರಡು ದಿನ ಅಣ್ಣನೊಡನೆ ಮಾತನಾಡಲಿಲ್ಲವೆಂದು ಕೇಳಿದೆವು.

ಬಳಿಕ ಅವನು ಹಳೆಯ ಕಪಾಟೊಂದರ ಬಿರುಕುಗಳನ್ನು ಮುಚ್ಚಿ, ಒಳಗೆ ೪೦ ವಾಟಿನ ಹಳೆಯ ಮಾದರಿಯ ದೀಪವನ್ನು ಹೊತ್ತಿಸಿ, ಮರಗಳನ್ನೆಲ್ಲ ಅದರಲ್ಲಿಟ್ಟನು. ದಿನವೂ ಸಂಜೆ ಮೇಲುಹಲಗೆಯನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತ ಬಂದನು. ಮೊದಲ ದಿನ ೨೬೬ ಗ್ರಾಂ. ಕೆಲವು ದಿನ ವೇಗವಾಗಿ ಇಳಿದು, ಆಮೇಲೆ ನಿಧಾನವಾಗಿ, ಮೂರನೆಯ ವಾರಕ್ಕೆ ೨೫೨ಕ್ಕೆ ಬಂದು ನಿಂತಿತು. ಎರಡು ದಿನ ತೂಕವು ಕದಲದಿದ್ದಾಗ ಹಲಗೆಯು ಕಪಾಟಿನ ಹವೆಗೆ ಹೊಂದಿತೆಂದು ತಿಳಿಯಬೇಕು. ನಡುವೆ ಹೋದುದು ಹದಿನಾಲ್ಕು ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ ನೀರು. ಒಂದು ವರ್ಷದ ಕೆಲಸವನ್ನು ಕೆಡಿಸುವುದಕ್ಕೆ ಅಷ್ಟು ಸಾಕು.

ಪಟ್ಟಿಗಳು ಅಂಟಿದುದೂ, ಬೆನ್ನು ಪಕ್ಕೆ ಮೇಲುಹಲಗೆಗಳು ಕೂಡಿ ಪೆಟ್ಟಿಗೆಯಾದುದೂ ಆಗಸ್ಟ್ ಕೊನೆಯಲ್ಲಿ. ನವರಾತ್ರಿಯಲ್ಲಿ ಬೊಂಬೆಗಳ ಮುಂದೆ ಕತ್ತಿಲ್ಲದ, ತಂತಿಯಿಲ್ಲದ ಪೆಟ್ಟಿಗೆಯು ಕುಳಿತಿತ್ತು. ಅರಿಸಿನ ಕುಂಕುಮಕ್ಕೆ ಬಂದವರು ಅದೇನೆಂದು ಕೇಳಿದಾಗ ಅಜ್ಜಿಯು, "ನನ್ನ ಮಂಚ" ಎಂದು ಹೇಳುತ್ತಿದ್ದರು.

ಮೆಟ್ಟಿಲಿನ ಲೆಕ್ಕ

ವೀಣೆಯ ದಂಡಿಯ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವರು. ಮೇಳ ಕಟ್ಟುವವನು ಶ್ರುತಿಗೆ ಕಿವಿಗೊಟ್ಟು, ಮೇಣವು ಮೆದುವಾಗಿರುವಾಗಲೇ ಮೆಟ್ಟಿಲನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸಿ ಸ್ಥಾನವನ್ನು ನಿರ್ಣಯಿಸುವನು. ಗಿಟಾರಿನಲ್ಲಿ ಅಂತಹ ಅವಕಾಶವಿಲ್ಲ. ಬೆರಳುಹಲಗೆಯಲ್ಲಿ ೦.೬ ಮಿಲಿಮೀಟರು ಅಗಲದ ಸೀಳನ್ನು ಗರಗಸದಿಂದ ಕೊಯ್ದು ಮೆಟ್ಟಿಲಿನ ತಂತಿಯನ್ನು ಬಡಿದು ಕೂರಿಸಬೇಕು. ಕೊಯ್ದುದು ಕೊಯ್ದ ಹಾಗೆಯೇ.

ಸ್ಥಾನವನ್ನು ಗಣಿತವು ಹೇಳುವುದು. ಮೇಲಿನ ಮೂಳೆಯ ಪಟ್ಟಿಯಿಂದ ಕುದುರೆಯವರೆಗೆ ತಂತಿಯ ಉದ್ದವು ೬೫೦ ಮಿಲಿಮೀಟರು ಎಂದಿಟ್ಟುಕೊಳ್ಳಿರಿ. ಅದನ್ನು ೧೭.೮೧೭ರಿಂದ ಭಾಗಿಸಿದರೆ ೩೬.೪೮, ಮೊದಲನೆಯ ಮೆಟ್ಟಿಲು ಅಲ್ಲಿ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ೩೪.೪೩, ಎರಡನೆಯದು ಮೊದಲನೆಯದರಿಂದ ಅಷ್ಟು ದೂರದಲ್ಲಿ. ಹೀಗೆ ಹನ್ನೆರಡು ಸಲ ಭಾಗಿಸುವ ಹೊತ್ತಿಗೆ ಸರಿಯಾಗಿ ಅರ್ಧಕ್ಕೆ, ಅಂದರೆ ೩೨೫ಕ್ಕೆ ಬಂದು, ಮೇಲಿನ ಷಡ್ಜವು ದೊರೆಯುವುದು. ಹಿಂದಿನ ಕಾಲದವರು ೧೭.೮೧೭ರ ಬದಲು ೧೮ನ್ನು ಬಳಸುತ್ತಿದ್ದರು. ಈ ಸೂತ್ರವನ್ನು ಹೇಳಿದವರಲ್ಲಿ ಖಗೋಳಶಾಸ್ತ್ರಜ್ಞ ಗೆಲಿಲಿಯೋವಿನ ತಂದೆಯಾದ ವಿನ್ಚೆಂಜೋ ಗೆಲಿಲಿಯು ಪ್ರಸಿದ್ಧನು. ಆ ಲೆಕ್ಕದಲ್ಲಿ ಹನ್ನೆರಡನೆಯ ಮೆಟ್ಟಿಲು ೩೨೨.೬ಕ್ಕೇ ನಿಲ್ಲುವುದು. ಒತ್ತಿದಾಗ ತಂತಿಯು ಬಿಗಿದು ಶ್ರುತಿ ಸ್ವಲ್ಪ ಏರುವುದರಿಂದ ಆ ಕೊರತೆಯು ಕಿವಿಗೆ ಒಂದಿಷ್ಟು ಹೊಂದಿಕೊಳ್ಳುತ್ತಿತ್ತು. ಈಗಿನವರು ಲೆಕ್ಕವನ್ನು ಸರಿಯಾಗಿಟ್ಟು, ಕುದುರೆಯನ್ನು ಎರಡು ಮೂರು ಮಿಲಿಮೀಟರು ಹಿಂದಕ್ಕೆ, ದಪ್ಪ ತಂತಿಯ ಕಡೆ ಇನ್ನೂ ಸ್ವಲ್ಪ ಹಿಂದಕ್ಕೆ, ಓರೆಯಾಗಿ ಕೂರಿಸುವರು.

ಈ ಸಮಭಾಗದ ಸ್ವರಗಳು ನಮ್ಮ ತಂಬೂರಿಯ ಸ್ವರಗಳಿಗೆ ಪೂರ್ತಿಯಾಗಿ ಒಪ್ಪುವುದಿಲ್ಲ. ತಂಬೂರಿಯ ಜೊತೆಯಲ್ಲಿ ಕೇಳಿದರೆ ಅಂತರಗಾಂಧಾರವು ತುಸು ಮೇಲೆ ನಿಲ್ಲುವುದನ್ನು ಸೂಕ್ಷ್ಮವಾದ ಕಿವಿಯು ಗುರುತಿಸುವುದು. ಎಲ್ಲ ಶ್ರುತಿಗಳಲ್ಲಿಯೂ ಒಂದೇ ಸಮನಾಗಿ ನುಡಿಸುವ ಅನುಕೂಲಕ್ಕಾಗಿ ಪಾಶ್ಚಾತ್ಯರು ತೆತ್ತ ಬೆಲೆ ಅದು.

ಅಚ್ಚಿನ ಕೆಲಸಗಾರನಿಗೆ ಈ ಭಾಗವು ಹಬ್ಬದಂತಾಯಿತು. ಮಂಚದ ಕಾಲ ಕಡೆಯ ಪಟ್ಟಿಯಿಂದಲೇ ಬೆರಳುಹಲಗೆಯನ್ನು ತೆಗೆದು, ಇಪ್ಪತ್ತು ಸೀಳುಗಳನ್ನು ಒಂದೇ ಸಂಜೆ ಕೊಯ್ದು ಮುಗಿಸಿದನು. ಕತ್ತು ಮಹಾಗನಿಯದು, ಅದರೊಳಗೆ ತಂತಿಯ ಎಳೆತಕ್ಕೆ ಎದುರಾಗಿ ಉಕ್ಕಿನ ಸಲಾಕೆಯನ್ನು ಹುದುಗಿಸಿದನು. ಹೊಳಪಿಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಸುತ್ತಿ ಸುತ್ತಿ ಒರಸಿದನು. ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗನ್ನು ಕೊಡುವುದೂ ಅರಗೇ. ಮೇಲುಹಲಗೆಗೆ ಅದು ಭಾರವಾಗದಷ್ಟು ತೆಳುವಾಗಿ ಕೂರುವುದರಿಂದ ನಾದಕ್ಕೆ ಅಡ್ಡಿಯಾಗದು. ಇದಕ್ಕೇ ನವೆಂಬರ್ ಪೂರ್ತಿ ಹಿಡಿಯಿತು.

ತಂತಿಯೂ ಬೇಸಗೆಯೂ

ಡಿಸೆಂಬರಿನ ಒಂದು ಸಂಜೆ ತಂತಿಗಳನ್ನು ಕಟ್ಟಿದರು. ಎಲ್ಲವನ್ನೂ ಒಮ್ಮೆಗೇ ಬಿಗಿಯದೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಶ್ರುತಿಗೆ ತರಬೇಕು. ಕುದುರೆಯ ಹಿಂದೆ ಹಲಗೆಯು ಉಸಿರೆಳೆದಂತೆ ಒಂದೆರಡು ಮಿಲಿಮೀಟರು ಉಬ್ಬಿ ನಿಂತಿತು. ಅಷ್ಟು ಉಬ್ಬುವುದು ಸಹಜವೇ. ಮೊದಲ ದಿನದ ನಾದವು ಸ್ವಲ್ಪ ಬಿಗಿಯಾಗಿ, ಮೂಗಿನಿಂದ ಬಂದಂತೆ ಇತ್ತು. ಎರಡು ವಾರ ನುಡಿಸಿದ ಮೇಲೆ ಮಂದ್ರದ ತಂತಿಗಳಲ್ಲಿ ಆಳ ಕಂಡಿತು. ಅಂಗಡಿಯ ಬೆಲೆಬಾಳುವ ಗಿಟಾರಿಗೆ ಇದು ಸಮವೆಂದು ನಾವು ಹೇಳಲಾರೆವು. ಆದರೆ ಶ್ರುತಿಯು ನಿಲ್ಲುವುದು, ಸ್ವರಗಳು ಸ್ಥಾನದಲ್ಲಿ ಬೀಳುವುವು, ಪಕ್ಕದ ಕೋಣೆಗೆ ಸ್ಪಷ್ಟವಾಗಿ ಕೇಳುವುದು.

ನಿಜವಾದ ಪರೀಕ್ಷೆಯು ಮಾರ್ಚಿ ತಿಂಗಳಲ್ಲಿ ಕಾದಿತ್ತು. ತೇವಮಾಪಕವು ೪೦ಕ್ಕೆ, ೩೬ಕ್ಕೆ, ಒಂದು ಮಧ್ಯಾಹ್ನ ೩೧ಕ್ಕೆ ಇಳಿಯಿತು. ತರುಣನು ಪ್ರತಿದಿನವೂ ಕಾರ್ಖಾನೆಯಿಂದ ಬಂದವನೇ ದೀಪವನ್ನು ಹಲಗೆಗೆ ಓರೆಯಾಗಿ ಹಿಡಿದು ಗೆರೆಗೆರೆಯನ್ನೂ ನೋಡುತ್ತಿದ್ದನು. ಮೇಲುಹಲಗೆಯು ತುಸು ತಗ್ಗಿತು. ಅದರಿಂದ ತಂತಿಗಳು ಮೆಟ್ಟಿಲುಗಳಿಗೆ ಸಮೀಪವಾಗಿ, ಒಂದೆರಡು ಸ್ಥಾನಗಳಲ್ಲಿ ಜುಂಯೆಂದು ಅದುರತೊಡಗಿದುವು. ಕುದುರೆಯ ಮೇಲಿನ ಮೂಳೆಯ ಪಟ್ಟಿಯನ್ನು ಅರ್ಧ ಮಿಲಿಮೀಟರು ಎತ್ತರವಾದುದಕ್ಕೆ ಬದಲಾಯಿಸಿದ್ದೂ ಅದುರು ನಿಂತಿತು. ಬಿರುಕು ಮಾತ್ರ ಎಲ್ಲಿಯೂ ಕಾಣಲಿಲ್ಲ. ದೊಡ್ಡಪ್ಪನವರು ಬಂದು ವಾದ್ಯವನ್ನು ಹಿಂದೆಮುಂದೆ ತಿರುಗಿಸಿ, ಮೊಳೆಯ ಕಪ್ಪು ಚುಕ್ಕೆಗಳ ಮೇಲೆ ಬೆರಳಾಡಿಸಿ, ಮಂಚದ ಇನ್ನೊಂದು ಪಟ್ಟಿಯು ಅಟ್ಟದ ಮೇಲೆ ಉಳಿದಿದೆಯೇ ಎಂದು ಕೇಳಿದರಂತೆ. ಅವರಿಗೊಬ್ಬ ಮೊಮ್ಮಗನಿರುವನು.

ಈ ಕೆಲಸಕ್ಕೆ ಕೈಹಾಕಬೇಕೆನ್ನುವವರಿಗೆ ನಾವು ಹೇಳತಕ್ಕ ಮಾತುಗಳು ಕೆಲವೇ. ಹಣವನ್ನು ಉಳಿಸುವುದಕ್ಕಾಗಿ ಗಿಟಾರನ್ನು ಮಾಡಬೇಡಿರಿ, ಉಳಿಯುವುದಿಲ್ಲ. ಗರಗಸಕ್ಕಿಂತ ಮೊದಲು ತೇವಮಾಪಕವನ್ನು ಕೊಳ್ಳಿರಿ. ಪಟ್ಟಿಗಳನ್ನು ಅಂಟಿಸುವ ಕೆಲಸವು ಮಾಘ ಫಾಲ್ಗುಣಗಳಲ್ಲಿ ಬೀಳುವಂತೆ ಲೆಕ್ಕಹಾಕಿ ಆರಂಭಿಸಿರಿ. ಹಳೆಯ ಮನೆಯ ಬಾಗಿಲು, ಪೆಟ್ಟಿಗೆ, ಮಂಚಗಳನ್ನು ಮಾರುವ ಮೊದಲು ಒಮ್ಮೆ ಅದರ ಮರವನ್ನು ಗಮನಿಸಿರಿ. ಯಾವ ಮರವೆಂದು ತಿಳಿಯದಿದ್ದರೆ ಮಲ್ಲೇಶ್ವರದಲ್ಲಿ ಮರದ ವಿಜ್ಞಾನಕ್ಕೆ ಮೀಸಲಾದ ಕೇಂದ್ರ ಸರಕಾರದ ಸಂಸ್ಥೆಯುಂಟು, ಅಲ್ಲಿ ವಿಚಾರಿಸಬಹುದು. ಕೊಂಡು ತಂದ ಗಿಟಾರು ಈಗಾಗಲೇ ಮನೆಯಲ್ಲಿರುವವರೂ ಈ ಬೇಸಗೆಯಲ್ಲಿ ಅದನ್ನು ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿಟ್ಟು, ತೂತುಗಳನ್ನು ಮಾಡಿದ ಸಾಬೂನಿನ ಡಬ್ಬಿಯಲ್ಲಿ ನೀರನ್ನು ಚೆನ್ನಾಗಿ ಹಿಂಡಿದ ಸ್ಪಂಜೊಂದನ್ನು ಹಾಕಿ ಅದರ ಪಕ್ಕದಲ್ಲಿಡಲಿ. ವಾರಕ್ಕೊಮ್ಮೆ ಸ್ಪಂಜನ್ನು ನೆನಸಿದರೆ ಸಾಕು. ಮುಂದಿನ ತಿಂಗಳು ಹಳೆಯ ಪೆಟ್ಟಿಗೆಗಳ ಸಡಲಿದ ಕೀಲುಗಳನ್ನು ಸರಿಪಡಿಸುವ ಬಗೆಯನ್ನು ಬರೆಯುವೆವು.